ಗೋಡೆ ಬುಡದ ಹಿಕ್ಕೆ

“ನಾಯಿ ಎಲ್ಲಿಗೂ ಹೋಗಲ್ಲ. ಬೇಕಾದ್ರೆ ನೀವು ಹೋಗಿ!”

ಪಂಜರದಕ್ಕ ಸಲಿಕೆಯನ್ನು ನೆಲಕ್ಕೆ ಕುಕ್ಕಿದ ರಭಸಕ್ಕೆ ಮೊಹರು ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಸರಿದರೂ ಕೈಯಲ್ಲಿದ್ದ ನೋಟೀಸನ್ನು ಮಾತ್ರ ಕೆಳಗಿಳಿಸಲಿಲ್ಲ.

“ಬಾಯಿ ಮಾಡಿದ್ರೆ ಆಗೋ ಕೆಲಸ ಅಲ್ಲ ಇದು, ಅಕ್ಕಾವ್ರೇ. ಸಂಘದ ತೀರ್ಮಾನ. ಮೊಹರು ಬಿದ್ದಿದೆ, ನೋಡಿ.”

“ನಿಮ್ಮ ಮೊಹರು ಎಲ್ಲಿ ಬೀಳಲ್ಲ ಹೇಳಿ? ಮೊನ್ನೆ ಕಸದ ಡಬ್ಬಿ ಮುಚ್ಚಳಕ್ಕೂ ಹೊಡೆದಿದ್ರಿ.”

“ಅದು ಸಂಘದ ಡಬ್ಬಿ.”

“ಇದು ನನ್ನ ನಾಯಿ!”

ಮೇಷ್ಟ್ರು ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಈಗ ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ. ಬ್ರಷ್ಷು ಬಿಟ್ಟ ಕೈಗೆ ಮೊಹರು ಸಿಕ್ಕಿತ್ತು. ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು.

ನೋಟೀಸಿನಲ್ಲಿ ಇದ್ದದ್ದು ನಾಲ್ಕೇ ಸಾಲು. ಹನ್ನೆರಡು ದಿನದಿಂದ ಈ ಮನೆಯ ಬಲಗೋಡೆಯ ಬುಡದಲ್ಲಿ ನಾಯಿ ಗಲೀಜು ಬೀಳುತ್ತಿದೆ. ಗೋಡೆಯಾಚೆ ಮಕ್ಕಳು ಆಡುವ ಜಾಗ. ವಾಸನೆಗೆ ಯಾರೂ ನಿಲ್ಲುವ ಹಾಗಿಲ್ಲ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ನಾಯಿ ಹಿಡಿಯುವ ವ್ಯಾನು ಬರುತ್ತದೆ.

ಆ ವ್ಯಾನು ಎಲ್ಲಿಗೆ ಹೋಗುತ್ತದೆಂದು ಪಂಜರದಕ್ಕನಿಗೆ ಗೊತ್ತಿತ್ತು. ಹನ್ನೊಂದು ವರ್ಷದ ನಾಯಿಯನ್ನು ಸಾಕಿಕೊಳ್ಳಲು ಅಲ್ಲಿಗೆ ಯಾರೂ ಬರುವುದಿಲ್ಲ. ಮೂರು ದಿನ ಕಾಯುತ್ತಾರೆ. ನಾಲ್ಕನೆಯ ದಿನ ಸೂಜಿ ಚುಚ್ಚುತ್ತಾರೆ.

ಅಷ್ಟೆಲ್ಲ ಗದ್ದಲಕ್ಕೆ ಕಾರಣನಾದ ಜಟ್ಟಿ ಮಹಡಿ ಮೆಟ್ಟಿಲ ಬುಡದಲ್ಲಿ ಮುದುರಿ ಕೂತು, ಇವರಿಬ್ಬರನ್ನು ಬಿಟ್ಟು ಮೇಲಕ್ಕೇ ಕಣ್ಣು ನೆಟ್ಟಿದ್ದ. ಹೆಸರು ಪೈಲ್ವಾನನದು. ಪಟಾಕಿ ಸದ್ದಾದರೆ ಮಂಚದ ಕೆಳಗೆ ಸೇರಿಕೊಳ್ಳುವ ಪ್ರಾಣಿ.

“ಬನ್ನಿ ಇಲ್ಲಿ. ಮೂಗು ಮುಚ್ಕೊಂಡೇ ಬನ್ನಿ,” ಎಂದು ಅವಳು ಮೇಷ್ಟ್ರನ್ನು ಗೋಡೆಯ ಬಳಿಗೆ ಕರೆದೊಯ್ದು, ಬೋರಲು ಹಾಕಿದ್ದ ಬಕೆಟ್ಟನ್ನು ಎತ್ತಿದಳು. ಬೆಳಗ್ಗೆ ಬಿದ್ದಿದ್ದನ್ನು ನಾಲ್ಕು ಗಂಟೆಯವರೆಗೂ ಹಾಗೇ ಕಾಪಾಡಿ ಇಟ್ಟಿದ್ದಳು. “ಸರಿಯಾಗಿ ನೋಡಿ. ಹುರಿ ಹೊಸೆದ ಹಾಗೆ ತಿರುಚಿಕೊಂಡಿದೆ. ತುದಿ ಚೂಪಾಗಿದೆ. ಒಳಗೆ ಕೂದಲಿದೆ, ಹಣ್ಣಿನ ಬೀಜ ಇದೆ, ಮೂಳೆ ಚೂರಿದೆ. ಜಟ್ಟಿ ತಿನ್ನೋದು ಹಾಲು ಅನ್ನ. ಬಾಯಲ್ಲಿ ಉಳಿದಿರೋದು ಆರು ಹಲ್ಲು. ಮೂಳೆ ಎಲ್ಲಿಂದ ಬರಬೇಕು?”

ಮೇಷ್ಟ್ರು ಕರವಸ್ತ್ರದ ಒಳಗಿನಿಂದಲೇ ಕೇಳಿದರು: “ಮತ್ತೆ ಯಾರದು ಅಂತೀರಿ?”

“ನರಿಯದು.”

“ನರಿ? ಈ ಬಡಾವಣೇಲಿ?”

“ಎರಡು ಕಾಲಿನವು ಬೇಕಾದಷ್ಟಿವೆ. ಇದು ನಾಲ್ಕು ಕಾಲಿಂದು. ಇಪ್ಪತ್ತೇಳು ವರ್ಷ ಮೃಗಾಲಯದಲ್ಲಿ ಪಂಜರ ತೊಳೆದಿದ್ದೀನಿ, ಮೇಷ್ಟ್ರೇ. ನೀವು ಮಕ್ಕಳ ಚಿತ್ರ ನೋಡಿ ಹೆಸರು ಹೇಳ್ತಿದ್ರಲ್ಲ, ಹಾಗೇ ನಾನೂ ಹೇಳ್ತೀನಿ.”

“ನೀವು ಹೇಳಿದ್ರೆ ಆಯ್ತಾ? ಇಲ್ಲಿ ಲಿಖಿತ ದೂರಿದೆ.” ಮೇಷ್ಟ್ರು ನೋಟೀಸಿನ ಹಿಂದೆ ಪಿನ್ನು ಹೊಡೆದಿದ್ದ ಇನ್ನೊಂದು ಹಾಳೆ ತಿರುಗಿಸಿದರು. ಕಂಪ್ಯೂಟರಿನಲ್ಲಿ ಹೊಡೆದ ಕಾಗದ, ಸಹಿ ಇರಲಿಲ್ಲ. ತರಗತಿಯಲ್ಲಿ ಓದುವ ದನಿಯಲ್ಲೇ ಓದಿದರು: “‘ಸದರಿ ಮನೆಯ ನಾಯಿಯು ಬಲಗೋಡೆಯ ಬುಡದಲ್ಲಿ ದಿನಂಪ್ರತಿ ಹಿಕ್ಕೆ ಹಾಕುತ್ತಿದ್ದು...’”

“ನಿಲ್ಲಿಸಿ. ಇನ್ನೊಂದು ಸಲ ಓದಿ.”

“‘ದಿನಂಪ್ರತಿ ಹಿಕ್ಕೆ ಹಾಕುತ್ತಿದ್ದು...’ ಯಾಕೆ?”

ಪಂಜರದಕ್ಕ ಸಲಿಕೆಯನ್ನು ಗೋಡೆಗೆ ಒರಗಿಸಿದಳು. ಇದ್ದಕ್ಕಿದ್ದಂತೆ ಅವಳ ದನಿ ತಗ್ಗಿತ್ತು. ಅವಳನ್ನು ಬಲ್ಲವರು ಕೂಗಾಟಕ್ಕೆ ಹೆದರುತ್ತಿರಲಿಲ್ಲ, ಈ ದನಿಗೆ ಹೆದರುತ್ತಿದ್ದರು.

“ಮೇಷ್ಟ್ರೇ, ನಾಯಿ ಹಾಕೋದಕ್ಕೆ ನೀವು ಏನಂತೀರಿ?”

“ಅದು... ಗಲೀಜು.”

“ಮನೇಲಿ?”

“ಮೊಮ್ಮಗು ಕಕ್ಕ ಅನ್ನುತ್ತೆ.”

“ರಸ್ತೇಲಿ ನಿಮ್ಮ ಚಪ್ಪಲಿಗೆ ಮೆತ್ತಿಕೊಂಡಾಗ?”

ಮೇಷ್ಟ್ರು ಅತ್ತಿತ್ತ ನೋಡಿ ಮೆಲ್ಲಗೆ ಅಂದರು: “ಹೇಲು.”

“ಆಯ್ತಲ್ಲ! ಹಸುವಿಂದು ಸಗಣಿ, ಕುದುರೇದು ಲದ್ದಿ, ಆಡಿಂದು ಹಿಕ್ಕೆ. ನಾಯಿ ಹಿಕ್ಕೆ ಹಾಕ್ತು ಅಂದವರನ್ನ ಎಲ್ಲಾದ್ರೂ ಕಂಡಿದ್ದೀರಾ?”

“ಒಂದು ಪದ. ಅದರಲ್ಲೇನಿದೆ?”

ಅದರಲ್ಲಿ ಎಲ್ಲವೂ ಇತ್ತು. ಆದರೆ ಅವಳು ಹೇಳಲಿಲ್ಲ.

ಅವಳು ದುಡಿದ ಮೃಗಾಲಯದಲ್ಲಿ ಒಂದು ರಿಜಿಸ್ಟರಿತ್ತು. ಬೆಳಗ್ಗೆ ಯಾವ ಪಂಜರದಲ್ಲಿ ಏನು ಬಿದ್ದಿದೆ, ಗಟ್ಟಿಯೋ ನೀರೋ, ಹುಳು ಇದೆಯೋ ಇಲ್ಲವೋ ಎಂದು ಬರೆಯುವ ರಿಜಿಸ್ಟರು. ಯಾವ ಕಾಲದ ಗುಮಾಸ್ತ ಗೆರೆ ಎಳೆದನೋ, ಆ ಕಾಲಮ್ಮಿನ ತಲೆಗೆ ‘ಹಿಕ್ಕೆ’ ಎಂದು ಬರೆದುಬಿಟ್ಟಿದ್ದ. ಅಂದಿನಿಂದ ಅಲ್ಲಿ ಆನೆಯದೂ ಹಿಕ್ಕೆ, ಹುಲಿಯದೂ ಹಿಕ್ಕೆ. ಹೊಸದಾಗಿ ಸೇರಿದವರು ನಗುತ್ತಿದ್ದರು. ಆರು ತಿಂಗಳಲ್ಲಿ ಅವರ ಬಾಯಿಗೂ ಅದೇ ಅಂಟುತ್ತಿತ್ತು.

ಈ ಕಾಗದ ಬರೆದವರು ಆ ಮೃಗಾಲಯದ ಒಳಗಿನವರು.

“ಮೇಷ್ಟ್ರೇ, ಈ ನರಿಯನ್ನ ಇಲ್ಲಿಗೆ ತಂದವರೇ ಬಂದು ಬರೆದುಕೊಟ್ರೆ?”

“ಸಂಜೆ ಆರರೊಳಗೆ ಸಹಿ ಹಾಕಿಕೊಡಲಿ. ಮೊಹರು ಹೊಡೆದು ನೋಟೀಸು ವಾಪಸ್ ತಗೋತೀನಿ. ಆರು ದಾಟಿದ್ರೆ ನನ್ನ ಕೈಲಿಲ್ಲ.”

“ಗಡಿಯಾರ ನೋಡ್ಕೊಂಡು ಕೂತಿರಿ.”

ಮೇಷ್ಟ್ರು ಹೋದ ಮೇಲೆ ಅವಳು ಕೆಲಸಕ್ಕಿಳಿದಳು.

ಮೊದಲು ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟಳು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದಳು, ರಬ್ಬರಿನ ಕೈಗವಸು ತೊಟ್ಟಳು. ಕಾಡುಪ್ರಾಣಿಯ ಹಿಕ್ಕೆಯನ್ನು ಒಣಗಿದ ಪೊರಕೆಯಿಂದ ಗುಡಿಸಬಾರದು. ಅದರಲ್ಲಿರುವ ಹುಳುವಿನ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ, ದೂಳಾಗಿ ಮೂಗಿಗೆ ಏರುತ್ತದೆ. ಪೈಪಿನಿಂದ ನೀರು ಚಿಮ್ಮಿಸಿದರೆ ಒಂದು ಕಡೆಯ ರೋಗ ನಾಲ್ಕು ಕಡೆಗೆ. ಮೇಲೆ ಒದ್ದೆ ಪೇಪರು ಹಾಸಬೇಕು, ಬುಡದ ಮಣ್ಣು ಸಮೇತ ಸಲಿಕೆಯಲ್ಲಿ ಎತ್ತಬೇಕು, ಎರಡು ಚೀಲದಲ್ಲಿ ಕಟ್ಟಬೇಕು, ಜಾಗಕ್ಕೆ ಕುದಿಯುವ ನೀರು ಸುರಿಯಬೇಕು. ಇದನ್ನೆಲ್ಲ ಯಾರೂ ಅವಳಿಗೆ ಪಾಠ ಮಾಡಿರಲಿಲ್ಲ. ಜೊತೆಯವರು ಕಾಯಿಲೆ ಬಿದ್ದದ್ದನ್ನು ನೋಡಿ ಕಲಿತಿದ್ದಳು.

ಹಾಳು ನಾಯಿಗಳಿಗೆ ಮಾತ್ರ ಈ ವಾಸನೆಯೆಂದರೆ ಪಂಚಪ್ರಾಣ. ಕಳೆದ ವಾರ ಜಟ್ಟಿ ಅದರಲ್ಲಿ ಬೆನ್ನು ಹೊರಳಿಸಿ, ಸಾಲದೆಂದು ನೆಕ್ಕಿಯೂ ನೋಡಿ ವಾಂತಿ ಮಾಡಿಕೊಂಡಿದ್ದ. ನಿನ್ನೆ ಮಧ್ಯಾಹ್ನ ಅವನನ್ನು ಹೊತ್ತುಕೊಂಡು ಹೋಗಿ ಹುಳುವಿನ ಔಷಧಿ ಹಾಕಿಸಿ ಬರುವಷ್ಟರಲ್ಲಿ ಐದು ಗಂಟೆಯಾಗಿತ್ತು.

ಕಸದ ಗಾಡಿ ಬಂದಿರಲಿಲ್ಲವಾದ್ದರಿಂದ ನಿನ್ನೆಯ ಚೀಲ ಇನ್ನೂ ಡಬ್ಬಿಯಲ್ಲೇ ಇತ್ತು. ಅವಳು ಅದನ್ನು ಹೊರತೆಗೆದಳು. ನಿವೃತ್ತಿಯಾದ ದಿನ, ಇನ್ನು ಸಾಯುವವರೆಗೆ ಹಿಕ್ಕೆ ಒಡೆಯುವುದಿಲ್ಲ ಎಂದು ಆಣೆ ಮಾಡಿದ್ದಳು. ಆಣೆ ಹಾಳಾಗಲಿ. ಹಳೆಯ ಜರಡಿಯಲ್ಲಿ ಹಾಕಿ, ಮೆಲ್ಲಗೆ ನೀರು ಬಿಟ್ಟು, ಕಡ್ಡಿಯಿಂದ ಬಿಡಿಸಿದಳು.

ಕೂದಲು. ಬೀಜ. ಕೋಳಿಯ ಮೂಳೆ, ಅದೂ ಕತ್ತಿಯಿಂದ ನೇರವಾಗಿ ಕಡಿದದ್ದು.

ಆಮೇಲೆ ಜರಡಿಯ ತಳದಲ್ಲಿ ಏನೋ ಮಿನುಗಿತು.

ನೀಲಿ. ಮಕ್ಕಳು ಕಾಗದದ ಹೂವಿಗೆ ಅಂಟಿಸುವಂಥ ಮಿಂಚು ಪುಡಿ.

ಈ ಪುಡಿ ಅವಳು ಬಲ್ಲದ್ದೇ. ಒಂದೇ ಪಂಜರದಲ್ಲಿ ಎರಡು ಮೂರು ಪ್ರಾಣಿಗಳಿದ್ದರೆ, ಯಾವುದರ ಹೊಟ್ಟೆ ಕೆಟ್ಟಿದೆ ಎಂದು ಹಿಕ್ಕೆ ನೋಡಿ ಹೇಳುವುದು ಹೇಗೆ? ಅದಕ್ಕೇ ಮೇವಿನ ಕೋಣೆಯಲ್ಲಿ ಒಂದೊಂದರ ಮಾಂಸಕ್ಕೆ ಒಂದೊಂದು ಬಣ್ಣದ ಮಿಂಚು ಬೆರೆಸುತ್ತಿದ್ದರು. ಪ್ರಾಣಿಗೆ ತೊಂದರೆಯಿಲ್ಲ, ಒಳಗೆ ಹೋದದ್ದು ಹಾಗೇ ಹೊರಗೆ ಬರುತ್ತದೆ.

ಮೇವಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಮಾಂಸ ಕಡಿಯುತ್ತಿದ್ದವನು ಅವಳ ಸ್ವಂತ ತಮ್ಮ. ವಾಸ, ಇದೇ ಮನೆಯ ಮಹಡಿಯ ಮೇಲೆ.

“ಲೋ! ಇಳಿಯೋ ಕೆಳಗೆ!”

ತಮ್ಮ ಲುಂಗಿ ಕಟ್ಟಿಕೊಳ್ಳುತ್ತ ಇಳಿದು ಬಂದ. ನಲವತ್ನಾಲ್ಕು ವಯಸ್ಸು, ಮದುವೆಯ ಗೋಜಿಗೆ ಹೋದವನಲ್ಲ. ವಾರಕ್ಕೊಂದು ರಜೆ, ಆ ದಿನವೆಲ್ಲ ನಿದ್ದೆ.

“ಏನಕ್ಕ, ಬೆಂಕಿ ಬಿದ್ದ ಹಾಗೆ...”

“ಬಿದ್ದಿದೆ. ನನ್ನ ಹೊಟ್ಟೆಗೆ.” ಜರಡಿಯನ್ನು ಅವನ ಮೂಗಿನ ಹತ್ತಿರ ಹಿಡಿದಳು. “ಏನಿದು?”

ಅವನು ನೋಡಿದ. ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವನು ಕಣ್ಣು ಮುಚ್ಚಿಕೊಂಡ.

“ನೀಲಿ,” ಎಂದ.

“ಬಣ್ಣ ನನಗೂ ಗೊತ್ತು ಕಣೋ. ಎಲ್ಲಿಟ್ಟಿದ್ದೀಯ?”

“ನೀರಿನ ಟ್ಯಾಂಕಿನ ಪಕ್ಕದ ಕೋಣೇಲಿ.” ಅವನು ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಜಟ್ಟಿ ಅವನ ಲುಂಗಿ ಮೂಸಿ ಗುರ್ರೆಂದ. “ಕುಂಟು ನರಿ, ಅಕ್ಕ. ಒಂದು ವರ್ಷದ್ದು. ನೀನು ನಿವೃತ್ತಿ ಆದಮೇಲೆ ಹುಟ್ಟಿದ್ದು, ನಾನೇ ಬಾಟಲಿ ಹಾಲು ಕುಡಿಸಿದ್ದೆ.”

“ಕದ್ದೆಯಾ?”

“ಖಾಲಿ ಬುಟ್ಟೀಲಿ ಹಾಕ್ಕೊಂಡು ಬಂದೆ. ಕದ್ದೆ ಅನ್ನು, ಉಳಿಸಿದೆ ಅನ್ನು.” ಅವನು ತಲೆಯೆತ್ತಿದ. “ಅದರ ಜೊತೆ ಇನ್ನೆರಡು ಇದ್ವು. ಎರಡೂ ಸತ್ತವು ಅಂತ ರಿಜಿಸ್ಟರಲ್ಲಿ ಬರೆದರು. ಹೂಳೋಕೆ ಹೋದ್ರೆ ಹೆಣಾನೇ ಇಲ್ಲ. ಕೇಳಿದ್ದಕ್ಕೆ ನಮ್ಮ ಡಾಕ್ಟ್ರು, ನೀನು ಮಾಂಸ ಕಡಿ, ಲೆಕ್ಕ ಕೇಳಬೇಡ ಅಂದರು. ಸತ್ತ ಪ್ರಾಣಿ ಹಿಂದಿನ ಗೇಟಿಂದ ವ್ಯಾನು ಹತ್ತಿ ಹೋಗುತ್ತಾ ಅಕ್ಕ? ಮಾರ್ತಿದ್ದಾರೆ. ಮೂರನೇದು ಇದೇ ಆಗೋದಿತ್ತು.”

ಪಂಜರದಕ್ಕ ಜರಡಿಯನ್ನು ಕೆಳಗಿಟ್ಟಳು. ಹೆಣವಿಲ್ಲದ ಸಾವು ಅವಳ ಕಾಲದಲ್ಲಿ ಒಂದೂ ಆಗಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ.

“ಸರಿ. ಕದ್ದು ತಂದೆ, ಬಚ್ಚಿಟ್ಟೆ. ನನಗೆ ಹೇಳಿದ್ರೆ ನಾನೇನು ಡಂಗುರ ಸಾರ್ತಿದ್ನಾ? ಆ ಕಾಗದ ಯಾಕೆ ಬರೆದೆ?”

“ಯಾವ ಕಾಗದ?”

“ಹಿಕ್ಕೆ ಅಂತ ಬರೆದಿದ್ದೀಯಲ್ಲೋ, ಮೂಢ!”

ಅವನ ಮುಖ ಕಪ್ಪಿಟ್ಟಿತು. ಜಟ್ಟಿಯ ಕಡೆ ಕೈ ತೋರಿಸಿ ಹೇಳಿದ: “ಈ ನಾಯಿ ಮೆಟ್ಟಿಲ ಬುಡ ಬಿಟ್ಟು ಏಳ್ತಿಲ್ಲ. ಹಗಲೆಲ್ಲ ಬೊಗಳುತ್ತೆ. ಯಾರಾದ್ರೂ ಮೇಲೆ ಹತ್ತಿ ನೋಡಿದ್ರೆ ಮುಗೀತು. ಬೆಳಗಿನ ಜಾವ ಹಗ್ಗ ಕಟ್ಟಿ ನರೀನ ಅಂಗಳಕ್ಕೆ ಇಳಿಸ್ತಿದ್ದೆ. ಬಿದ್ದಿದ್ದನ್ನ ಬೇಕಂತಲೇ ಬಿಡ್ತಿದ್ದೆ.”

“ಜಟ್ಟಿ ಹೆಸರು ಬರಲಿ ಅಂತ.”

“ಹೂಂ.”

“ತಲೆ ಮೇಲೆ ಗೂಬೆ ಕೂರಿಸೋದು ಕೇಳಿದ್ದೆ. ನರಿ ಕೂರಿಸೋದನ್ನ ಇವತ್ತೇ ನೋಡಿದ್ದು!”

“ಅಕ್ಕ, ಜಟ್ಟಿಗೆ ಹನ್ನೊಂದು ವರ್ಷ ಆಯ್ತು. ಅದಕ್ಕೆ ಒಂದೇ ವರ್ಷ. ನೀನೇ ಯೋಚ್ನೆ ಮಾಡು...”

ಪಕ್ಕದಲ್ಲಿದ್ದ ಚೊಂಬಿನ ನೀರು ಪೂರ್ತಿಯಾಗಿ ಅವನ ಎದೆಯ ಮೇಲೆ ಬಿತ್ತು.

“ಮಾಂಸ ತೂಗೋನು ಜೀವ ತೂಗೋಕೆ ಹೊರಟ್ಯಾ? ತಕ್ಕಡಿ ಯಾರು ಕೊಟ್ಟರೋ ನಿನ್ನ ಕೈಗೆ? ನಿಮ್ಮ ಡಾಕ್ಟ್ರಿಗೂ ನಿನಗೂ ಏನು ವ್ಯತ್ಯಾಸ? ಅವರು ನರೀನ ಸಾಯಿಸಿ ಬರೀತಾರೆ, ನೀನು ನಾಯೀನ!”

ಅವನು ಒರೆಸಿಕೊಳ್ಳಲಿಲ್ಲ. ಆ ಮಾತು ನೀರಿಗಿಂತ ಆಳಕ್ಕೆ ಇಳಿದಿತ್ತು.

ಅವಳು ಬಕೆಟ್ಟಿನ ಕೆಳಗಿದ್ದ ಇವತ್ತಿನದನ್ನು ಸಲಿಕೆಯಲ್ಲಿ ಎತ್ತಿ ತಂದು ಜರಡಿಗೆ ಹಾಕಿದಳು. ಸಿಟ್ಟು ಬಂದಾಗ ಅವಳ ಕೈಗೆ ಕೆಲಸ ಬೇಕೇ ಬೇಕು. “ಈಗಲೇ ಮೇಷ್ಟ್ರ ಹತ್ತಿರ ಹೋಗಿ ಬರೆದುಕೊಡ್ತೀಯ. ಇದು ನರೀದು, ನಾಯೀದಲ್ಲ ಅಂತ.”

“ಬರೆದುಕೊಟ್ರೆ ಕೆಲಸ ಹೋಗುತ್ತೆ. ಜೈಲೂ ಆಗಬಹುದು.”

“ಬರೆಯದಿದ್ರೆ ಜಟ್ಟಿ ಹೋಗ್ತಾನೆ. ಜೈಲಿಗೆ ಬುತ್ತಿ ತರ್ತೀನಿ, ಸಾಲದಾ? ನಾಯಿಗೆ ಮಣ್ಣು ಹಾಕೋಕೆ ನನ್ನ ಕೈಲಾಗಲ್ಲ ಕಣೋ.”

ಅವಳು ನೀರು ಬಿಟ್ಟಳು. ಕಡ್ಡಿ ಆಡಿಸಿದಳು. ಜರಡಿಯ ಮೇಲೆ ಬಗ್ಗಿದಳು.

“ನೀನು ನೀಲಿ ಒಂದೇ ಹಾಕ್ತಿದ್ದದ್ದಾ?”

“ಅದರ ಗುರುತೇ ನೀಲಿ. ಎರಡು ವಾರಕ್ಕೆ ಆಗೋಷ್ಟು ಮಾಂಸ ಬೆರೆಸಿ ಪೊಟ್ಟಣ ಕಟ್ಟಿ ಫ್ರಿಜ್ಜಲ್ಲಿ ಇಟ್ಟಿದ್ದೆ. ಅದನ್ನೇ ಹಾಕ್ತಿದ್ದೀನಿ. ಯಾಕೆ?”

“ಇಲ್ಲಿ ಕೆಂಪಿದೆ.”

ತಮ್ಮ ಎದ್ದು ನಿಂತ. ಜರಡಿಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದ. ತಳದಲ್ಲಿ ಏಳೆಂಟು ಕೆಂಪು ಚುಕ್ಕೆಗಳು ಮಿನುಗುತ್ತಿದ್ದವು.

ಕೆಂಪು ಯಾವುದಕ್ಕೆಂದು ಅವಳಿಗೂ ಗೊತ್ತಿತ್ತು. ಮಂಪರು ಬರಿಸುವ ಔಷಧಿ ಬೆರೆಸಿದ ಮೇವಿಗೆ ಮಾತ್ರ ಕೆಂಪು. ಆ ಡಬ್ಬಿಗೆ ಬೀಗ. ಬೀಗದ ಕೈ ಮೃಗಾಲಯದ ಡಾಕ್ಟರ ಸೊಂಟದಲ್ಲಿ.

“ನಿನ್ನೆ ನಾನು ಡ್ಯೂಟೀಲಿದ್ದೆ,” ಅಂದ ತಮ್ಮ. “ಮನೇಲಿ ನೀನಿದ್ದೆ ತಾನೇ?”

“ಮೂರರಿಂದ ಐದು ಇರಲಿಲ್ಲ. ಜಟ್ಟೀನ ಔಷಧಿಗೆ ಕರ್ಕೊಂಡು ಹೋಗಿದ್ದೆ.”

ಇಬ್ಬರೂ ಒಟ್ಟಿಗೆ ಮಹಡಿಯ ಕಡೆ ನೋಡಿದರು. ಹೊರಗಿನಿಂದ ಹತ್ತುವ ಮೆಟ್ಟಿಲು. ಗೇಟಿಗೆ ಬರೀ ಚಿಲಕ. ಯಾರೋ ಬಂದಿದ್ದಾರೆ, ಹತ್ತಿದ್ದಾರೆ, ನರಿಗೆ ತಿನ್ನಿಸಿದ್ದಾರೆ, ಇಳಿದು ಹೋಗಿದ್ದಾರೆ.

“ಆ ಎರಡಕ್ಕೂ ಹೀಗೇ ಆಗಿದ್ದು,” ಎಂದ ಅವನು. “ಕೆಂಪು ಕಂಡ ಮೂರನೇ ದಿನ ಸತ್ತವು ಅಂತ ಬರೆದರು. ಅವರಿಗೆ ಗೊತ್ತಾಗಿದೆ, ಅಕ್ಕ. ನರಿ ಎಲ್ಲಿದೆ ಅಂತಾನೂ, ಯಾರು ತಂದರು ಅಂತಾನೂ.”

ಹೆದರಿದ್ದ. ಆದರೆ ಆ ಹೆದರಿಕೆಯ ನಡುವೆಯೇ ಅವನ ಬೆನ್ನು ನೆಟ್ಟಗಾದದ್ದನ್ನು ಅವಳು ಕಂಡಳು. ಒದ್ದೆ ಅಂಗಿ ಬಿಚ್ಚಿ ಹಗ್ಗಕ್ಕೆ ಎಸೆದು, ಮೇಲೆ ಹೋಗಿ ಪ್ಯಾಂಟು ಶರಟು ಹಾಕಿಕೊಂಡು ಬಂದ.

“ಬರೆದುಕೊಡ್ತೀನಿ. ನಾಯೀದಲ್ಲ ಅನ್ನೋದಷ್ಟೇ ಅಲ್ಲ, ಹೆಣ ಇಲ್ಲದ ಸಾವೂ ಸೇರಿಸಿ, ವ್ಯಾನಿನ ನಂಬರೂ ಸೇರಿಸಿ. ಸಂಘದ ಮೊಹರು ಬಿದ್ದ ಕಾಗದ ಇದ್ರೆ ಯಾರೂ ಮುಚ್ಚಿಹಾಕೋಕೆ ಆಗಲ್ಲ. ಮೇಷ್ಟ್ರಿಗೆ ಫೋನ್ ಮಾಡು.”

ಅವಳು ಮಾಡಿದಳು. “ತಮ್ಮ ಬರ್ತಿದ್ದಾನೆ. ಎಲ್ಲಾ ಬರೆದುಕೊಡ್ತಾನೆ. ಐದೂವರೆಗೆ ನಿಮ್ಮ ಗೇಟಲ್ಲಿರ್ತಾನೆ,” ಎಂದಳು. “ಬರಲಿ, ಬರಲಿ,” ಎಂದರು ಮೇಷ್ಟ್ರು. ಆಗ ಐದು ಗಂಟೆ. ಅರ್ಧ ಗಂಟೆ ಕೂತು ತಮ್ಮ ವ್ಯಾನಿನ ನಂಬರು, ತಾರೀಖುಗಳನ್ನೆಲ್ಲ ಒಂದು ಚೀಟಿಯಲ್ಲಿ ಗುರುತು ಮಾಡಿಕೊಂಡ.

ಮೇಷ್ಟ್ರ ಮನೆ ಏಳು ಗೇಟು ಆಚೆ. ತಮ್ಮ ಹೊರಡುವಾಗ ಜಟ್ಟಿಯ ಮುಂದೆ ಬಗ್ಗಿ, “ತಪ್ಪಾಯ್ತು ಮಾರಾಯಾ,” ಎಂದು ತಲೆ ಸವರಿದ. ಜಟ್ಟಿ ಕೈ ನೆಕ್ಕಲಿಲ್ಲ, ಕಚ್ಚಲೂ ಇಲ್ಲ.

“ಯಾರು ಬಂದ್ರೂ ಮೇಲಿನ ಬಾಗಿಲು ತೆಗೀಬೇಡ, ಅಕ್ಕ.”

“ನನಗೆ ಹೇಳ್ತೀಯಾ? ಹುಲಿ ಪಂಜರದ ಬಾಗಿಲು ಕಾದವಳು ನಾನು. ಹೋಗು, ಆರು ಹೊಡೆಯುತ್ತೆ.”

ಅವನು ಹೋದ.

ಅವಳು ಗೋಡೆಯ ಬುಡಕ್ಕೆ ಕುದಿಯುವ ನೀರು ಸುರಿದಳು. ಚೀಲ ಕಟ್ಟಿದಳು. ಕೈಗೆ ಎರಡು ಸಲ ಸೋಪು ಹಚ್ಚಿದಳು. ಮೇಲೆ ಹೋಗಿ ಕೋಣೆಯ ಕಿಂಡಿಯಲ್ಲಿ ಇಣುಕಿದಳು. ಕುಂಟು ನರಿ ಮೂಲೆಯಲ್ಲಿ ಮಲಗಿತ್ತು. ಕಣ್ಣು ಅರ್ಧ ತೆರೆದಿತ್ತು, ಉಸಿರು ನಿಧಾನವಾಗಿತ್ತು. ಬೀಗ ಹಾಕಿ ಇಳಿದಳು.

ಆರೂ ಕಾಲಿಗೆ ಗೇಟಿನ ಚಿಲಕ ಸದ್ದಾಯಿತು. ಬಂದದ್ದು ಮೇಷ್ಟ್ರು.

“ಎಲ್ಲಿ ನಿಮ್ಮ ತಮ್ಮ? ಆರು ದಾಟಿತಲ್ಲ.”

“ಐದೂವರೆಗೇ ಹೊರಟ!”

“ಬರಲೇ ಇಲ್ಲ, ಅಕ್ಕಾವ್ರೇ. ಹೊಸಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಹೆದರಿ ಎಲ್ಲೋ ಓಡಿರಬೇಕು. ಇನ್ನು ನಾಳೆ ಹತ್ತು ಗಂಟೆಗೆ...”

ಪಂಜರದಕ್ಕ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಮೂರನೆಯ ಸಲಕ್ಕೆ ಹಳೆಯ ಸಿಟ್ಟು ವಾಪಸು ಬಂದಿತ್ತು. ತಮ್ಮ ಸುಳ್ಳು ಹೇಳಬಲ್ಲ, ಮುಚ್ಚಿಡಬಲ್ಲ. ನೆಟ್ಟಗಾದ ಬೆನ್ನು ಹೊತ್ತು ಓಡಿಹೋಗುವವನಲ್ಲ.

“ಸಹಿ ಬೇಕಷ್ಟೇ ಅಲ್ವಾ ನಿಮಗೆ? ಕಾಗದ ಕೊಡಿ ಇಲ್ಲಿ.”

ಮೆಟ್ಟಿಲ ಮೇಲೇ ಕೂತು, ಮೊಣಕಾಲ ಮೇಲೆ ಹಾಳೆ ಇಟ್ಟು, ಒತ್ತಿ ಒತ್ತಿ ಬರೆದಳು: ‘ಗೋಡೆ ಬುಡದ ಹಿಕ್ಕೆ ನಾಯಿಯದಲ್ಲ, ನರಿಯದು. ಮೃಗಾಲಯದ ಆ ನರಿ ನನ್ನ ಮನೆಯ ಮಹಡಿಯಲ್ಲಿದೆ. ತಂದವಳು ನಾನು.’ ಕೆಳಗೆ ಸಹಿ ಎಳೆದಳು.

ಮೇಷ್ಟ್ರು ಓದಿ ಬಿಳಿಚಿಕೊಂಡರು. “ಇದಕ್ಕೆ ಮೊಹರು ಬಿದ್ರೆ ಪೊಲೀಸರು ಬರ್ತಾರೆ ನಿಮ್ಮ ಮನೆಗೆ.”

“ಬರಲಿ ಅಂತಲೇ ಬರೆದದ್ದು. ದೊಡ್ಡ ಗಂಡಸು ಮುಕ್ಕಾಲು ಗಂಟೆಯಿಂದ ಕಾಣ್ತಿಲ್ಲ ಅಂದ್ರೆ ಯಾರು ಬರ್ತಾರೆ? ಕದ್ದ ನರಿ ಇದೆ ಅಂದ್ರೆ ಓಡಿ ಬರ್ತಾರೆ. ಬಂದ ಮೇಲೆ ತಮ್ಮನ ವಿಷಯ ನಾನು ಹೇಳ್ತೀನಿ, ನಿಮ್ಮ ನೋಟೀಸೂ ಹರಿದು ಹೋಗುತ್ತೆ. ಹೊಡೀರಿ ಮೊಹರು.”

ಮೇಷ್ಟ್ರ ಕೈ ಜೇಬಿಗೆ ಹೋಯಿತು. ಮೊಹರು ಹೊರಗೆ ಬರಲಿಲ್ಲ.

“ಎರಡು ಪ್ರತಿ ಬೇಕಾಗುತ್ತೆ. ಮೂಲೆ ಅಂಗಡೀಲಿ ಜೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ. ಹತ್ತು ನಿಮಿಷ.” ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅವಳು ಉತ್ತರಿಸುವ ಮೊದಲೇ ಗೇಟು ದಾಟಿದರು.

ಹತ್ತು ನಿಮಿಷ ಇಪ್ಪತ್ತಾಯಿತು. ಇಪ್ಪತ್ತು ನಲವತ್ತಾಯಿತು.

ಅವಳು ಜಟ್ಟಿಯ ಕೊರಳಿಗೆ ಸರಪಳಿ ಸಿಕ್ಕಿಸಿ ಬೀದಿಗೆ ಬಂದಳು. ಮೂಲೆಯಲ್ಲಿ ಇಸ್ತ್ರಿಯವನು ಗಾಡಿಯ ಮೇಲಿನ ಬಟ್ಟೆ ಕಟ್ಟುತ್ತಿದ್ದ.

“ಮೇಷ್ಟ್ರು ಜೆರಾಕ್ಸಿಗೆ ಬಂದ್ರಲ್ಲಪ್ಪ, ಎಲ್ಲಿ?”

“ಜೆರಾಕ್ಸಾ? ಅಂಗಡಿ ಇವತ್ತು ಬಾಗಿಲೇ ತೆಗೆದಿಲ್ಲ, ಅಕ್ಕ. ಮೇಷ್ಟ್ರು ಈ ಕಡೆ ಬರಲೂ ಇಲ್ಲ.”

“ನನ್ನ ತಮ್ಮನ್ನ ನೋಡಿದ್ಯಾ?”

“ಅವರು ಆಗಲೇ ಡ್ಯೂಟಿಗೆ ಹೋದ್ರಲ್ಲ! ಮೇಷ್ಟ್ರ ಗೇಟಿನ ಹತ್ತಿರ ನಿಮ್ಮ ಮೃಗಾಲಯದ ವ್ಯಾನು ಹತ್ತಿದ್ರು. ಹಿಂದಿನ ಬಾಗಿಲಿಂದ. ಐದೂ ಕಾಲಿಂದ ಕಾಯ್ತಾ ನಿಂತಿತ್ತು ಪಾಪ. ಮೇಷ್ಟ್ರೇ ಹೊರಗೆ ಬಂದು ಡ್ರೈವರಿಗೆ ಕುಡಿಯೋಕೆ ನೀರು ಕೊಟ್ರು.”

ಐದೂ ಕಾಲು. ತಮ್ಮ ಅಲ್ಲಿಗೆ ಬರುತ್ತಾನೆಂದು ಐದು ಗಂಟೆಗೆ ಅವಳು ಹೇಳಿದ್ದು ಒಬ್ಬರಿಗೇ.

ಪಂಜರದಕ್ಕ ಸರಪಳಿಯನ್ನು ಕೈಗೆ ಎರಡು ಸುತ್ತು ಬಿಗಿದುಕೊಂಡು ಏಳನೆಯ ಗೇಟಿಗೆ ನಡೆದಳು. ಮೇಷ್ಟ್ರ ಬಾಗಿಲಿಗೆ ಬೀಗ ಬಿದ್ದಿತ್ತು. ಹೊಸಿಲಲ್ಲಿ ಕುರ್ಚಿ ಹಾಗೇ ಇತ್ತು. ಅವಳು ಅದನ್ನು ಗೇಟಿನ ನಡುವೆ ಎಳೆದು ಹಾಕಿ, ಜಟ್ಟಿಯನ್ನು ಕಾಲ ಬಳಿ ಕೂರಿಸಿಕೊಂಡು ಕೂತಳು.

ಬೀದಿದೀಪ ಹತ್ತಿದವು. ‘ತಂದವಳು ನಾನು’ ಎಂದು ಅವಳೇ ಬರೆದು ಸಹಿ ಹಾಕಿದ್ದ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋದ ಮೇಷ್ಟ್ರು ಆ ಮನೆಗೆ ವಾಪಸು ಬರಲಿಲ್ಲ.